ಹಳೆಯ ಕಂಪ್ಯೂಟರಿನ ಲೈಸೆನ್ಸ್ ಹೊಸದಕ್ಕೆ ಸಲ್ಲುತ್ತದೆಯೇ?

ಮನೆಯ ಕಂಪ್ಯೂಟರು ಹಳತಾಗುತ್ತದೆ. ಕಾಲೇಜಿಗೆ ಸೇರಿದ ಮಗ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡುತಂದು ಹೊಸದೊಂದನ್ನು ತಾನೇ ಜೋಡಿಸುತ್ತಾನೆ. ಹಳೆಯ ಪೆಟ್ಟಿಗೆಗೆ ಅಂಟಿಸಿದ್ದ ಚೀಟಿಯಲ್ಲಿನ 25 ಅಕ್ಷರಗಳ ಸಂಕೇತವನ್ನು ಹೊಸದರಲ್ಲಿ ಒತ್ತುತ್ತಾನೆ. ವಿಂಡೋಸ್ ಒಪ್ಪಿಕೊಳ್ಳುತ್ತದೆ. ಹಳೆಯ ಕಂಪ್ಯೂಟರು ತಂಗಿಯ ಪಾಲಾಗುತ್ತದೆ. ಅದರಲ್ಲೂ ಅದೇ ವಿಂಡೋಸ್ ನಡೆಯುತ್ತಿರುತ್ತದೆ. "ಒಂದು ಸಲ ದುಡ್ಡು ಕೊಟ್ಟಾಗಿದೆಯಲ್ಲ ಅಪ್ಪಾ, ಇದರಲ್ಲಿ ತಪ್ಪೇನು?" ಎಂದು ಮಗ ಕೇಳಿದರೆ ತಂದೆ ಏನು ಹೇಳಬೇಕು?

ಪ್ರಿಯ ಓದುಗರೇ, ಮೊದಲು ನಾವು ಕೊಂಡದ್ದು ಏನೆಂಬುದನ್ನು ತಿಳಿಯೋಣ. ತೆಂಗಿನಕಾಯಿಯನ್ನು ಕೊಂಡಂತೆ ನಾವು ವಿಂಡೋಸನ್ನು ಕೊಳ್ಳುವುದಿಲ್ಲ. ನಾವು ಹಣ ತೆರುವುದು ಅದನ್ನು ಬಳಸುವ ಅನುಮತಿಗೆ. ನೆರೆಯವನ ಕೋಳಿಯನ್ನು ಕದ್ದರೆ ಅವನ ಗೂಡು ಬರಿದಾಗುತ್ತದೆ. ತಂತ್ರಾಂಶವನ್ನು ನಕಲು ಮಾಡಿದರೆ ಯಾರ ಗೂಡೂ ಬರಿದಾದಂತೆ ಕಾಣುವುದಿಲ್ಲ. ಆದ್ದರಿಂದಲೇ ನಮ್ಮ ಮನಸ್ಸಾಕ್ಷಿಗೆ ಅದು ಚುಚ್ಚುವುದಿಲ್ಲ. ಆದರೆ ಜ್ಞಾನ, ತಂತ್ರ, ಕೌಶಲ್ಯಗಳೂ ಭೂಮಿಯಷ್ಟೇ ಮಹತ್ವದ ಒಡೆತನಗಳೆಂದು ಸಂತ ಎರಡನೆಯ ಜಾನ್ ಪಾಲರು 1991ರ 'ಸೆಂತೆಸಿಮುಸ್ ಆನ್ನುಸ್' ಪರಿಪತ್ರದಲ್ಲಿ ತಿಳಿಸಿದ್ದಾರೆ. ಕಣ್ಣಿಗೆ ಕಾಣದ ಸೊತ್ತಿಗೂ ಏಳನೆಯ ಕಟ್ಟಳೆ ಅನ್ವಯಿಸುತ್ತದೆ.

ಈ ಅನುಮತಿಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದು, ಕಂಪ್ಯೂಟರಿನ ಜೊತೆಗೇ ಬರುವ ಒಇಎಂ ಲೈಸೆನ್ಸ್. ಮೈಕ್ರೋಸಾಫ್ಟ್ ಕಂಪನಿಯ ಷರತ್ತಿನ ಪ್ರಕಾರ ಇದು ಆ ಯಂತ್ರಕ್ಕೇ ಸೇರಿದ್ದು. ಯಂತ್ರವನ್ನು ಮಾರಿದರೆ ಅದರೊಡನೆ ಹೋಗಬೇಕು. ಯಂತ್ರ ಗುಜರಿಗೆ ಹೋದರೆ ಅಲ್ಲಿಗೆ ಮುಗಿಯಿತು. ಇನ್ನೊಂದು, ಪ್ರತ್ಯೇಕವಾಗಿ ಕೊಳ್ಳುವ ರಿಟೇಲ್ ಲೈಸೆನ್ಸ್. ಇದನ್ನು ನಮ್ಮದೇ ಇನ್ನೊಂದು ಕಂಪ್ಯೂಟರಿಗೆ ಸಾಗಿಸಬಹುದು. ಆದರೆ ಹಿಂದಿನದರಿಂದ ತೆಗೆದುಹಾಕಿರಬೇಕು. ಒಂದೇ ಯಂತ್ರದಲ್ಲಿ ಎಷ್ಟು ಸಲ ಬೇಕಾದರೂ ಮತ್ತೆ ಹಾಕಿಕೊಳ್ಳಲು ಎರಡರಲ್ಲೂ ಅಡ್ಡಿಯಿಲ್ಲ. ನ್ಯಾಯವಾಗಿ ಪಡೆದವನು ಕಾಪಿಟ್ಟುಕೊಳ್ಳಲು ಪ್ರತಿ ಮಾಡಿಕೊಳ್ಳುವುದನ್ನು ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ವಿಧಿಯೂ ಒಪ್ಪುತ್ತದೆ. ಹಾರ್ಡ್ ಡಿಸ್ಕ್ ಕೆಟ್ಟು ವಿಂಡೋಸನ್ನು ಮತ್ತೆ ಹಾಕಿಸಿದವರು ಪಾಪಭೀತಿಯಿಂದ ಕೊರಗಬೇಕಾಗಿಲ್ಲ.

ಹಾಗಾದರೆ 'ಅದೇ ಯಂತ್ರ' ಎಂದರೆ ಯಾವುದು? ಇದು ಹಳೆಯ ತತ್ವಶಾಸ್ತ್ರದ ಪ್ರಶ್ನೆ. ಥೀಸಿಯಸ್ ವೀರನ ಹಡಗಿನ ಹಲಗೆಗಳು ಶಿಥಿಲವಾದಂತೆ ಅಥೆನ್ಸಿನವರು ಒಂದೊಂದಾಗಿ ಬದಲಿಸುತ್ತಾ ಬಂದರಂತೆ. ಕೊನೆಗೆ ಉಳಿದದ್ದು ಅದೇ ಹಡಗೋ ಬೇರೆಯೋ ಎಂದು ತತ್ವಜ್ಞಾನಿಗಳು ವಾದಿಸುತ್ತಿದ್ದರೆಂದು ಪ್ಲುಟಾರ್ಕ್ ಬರೆದಿದ್ದಾನೆ. 17ನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಅದಕ್ಕೊಂದು ಗಂಟು ಸೇರಿಸಿದ: ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬನು ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ, ಎರಡರಲ್ಲಿ ಥೀಸಿಯಸನದು ಯಾವುದು? ಮೇಲೆ ಹೇಳಿದ ಮನೆಯಲ್ಲಿಯೂ ಇಂಥ ಎರಡು ಹಡಗುಗಳಿವೆ. ಕಂಪನಿಯು ಒಂದು ಗೆರೆ ಎಳೆದಿದೆ. ಮೆಮೊರಿ, ಡಿಸ್ಕ್ ಮುಂತಾದವುಗಳನ್ನು ಬದಲಿಸಿದರೂ ಯಂತ್ರ ಅದೇ. ಕೆಟ್ಟುಹೋದ ಮದರ್‌ಬೋರ್ಡನ್ನು ಬದಲಿಸಿದರೂ ಅದೇ. ಆದರೆ ಇನ್ನೂ ಚೆನ್ನಾಗಿರಲೆಂದು ಮದರ್‌ಬೋರ್ಡನ್ನು ಬದಲಿಸಿದರೆ ಒಇಎಂ ಲೈಸೆನ್ಸಿನ ಮಟ್ಟಿಗೆ ಅದು ಹೊಸ ಕಂಪ್ಯೂಟರು. ಗೆರೆಯನ್ನು ಬೇರೆಡೆ ಎಳೆಯಬಹುದಿತ್ತು ಎಂದು ಯಾರಾದರೂ ವಾದಿಸಬಹುದು. ಆದರೆ ಒಂದು ಅನುಮತಿಯಿಂದ ಎರಡು ಹಡಗುಗಳನ್ನು ಒಟ್ಟಿಗೆ ತೇಲಿಸಬಹುದೆಂದು ಯಾರೂ ಪ್ರಾಮಾಣಿಕವಾಗಿ ವಾದಿಸಲಾರರು.

"ಯಂತ್ರವೇ ಒಪ್ಪಿಕೊಂಡಿತಲ್ಲ!" ಎಂಬುದು ಸಾಮಾನ್ಯ ಸಮಾಧಾನ. 2001ರಲ್ಲಿ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಆ್ಯಕ್ಟಿವೇಶನ್ ವ್ಯವಸ್ಥೆ ಯಂತ್ರದ ಬಿಡಿಭಾಗಗಳ ಗುರುತನ್ನು ನೋಡಿ ಬೀಗ ತೆರೆಯುತ್ತದೆ. ಬೀಗವು ನ್ಯಾಯಾಧೀಶನಲ್ಲ. ನ್ಯಾಯವಾಗಿ ಕೊಂಡವನ ಮದರ್‌ಬೋರ್ಡ್ ಸುಟ್ಟುಹೋಗಿ ಬದಲಿಸಿದಾಗ ಅದು ಅವನನ್ನು ತಡೆಯಬಹುದು. ಷರತ್ತು ಮೀರಿದವನಿಗೆ ಸುಮ್ಮನೆ ಬಾಗಿಲು ಬಿಡಬಹುದು. ದೂರವಾಣಿಯ ಮೂಲಕ ಆ್ಯಕ್ಟಿವೇಶನ್ ಮಾಡುತ್ತಿದ್ದವರಿಗೆ ನೆನಪಿರಬಹುದು: ಈ ಪ್ರತಿಯನ್ನು ಎಷ್ಟು ಕಂಪ್ಯೂಟರುಗಳಲ್ಲಿ ಹಾಕಿದ್ದೀರಿ ಎಂದು ಆ ಕಡೆಯ ಧ್ವನಿ ಕೇಳುತ್ತಿತ್ತು. ಅಷ್ಟೆಲ್ಲ ಲೆಕ್ಕಾಚಾರ ಬಲ್ಲ ವ್ಯವಸ್ಥೆಯೂ ಕೊನೆಗೆ ಮನುಷ್ಯನ ಸತ್ಯವಾಕ್ಯಕ್ಕೇ ಕೈಚಾಚಬೇಕಾಯಿತು.

ಇನ್ನೊಂದು ಆಕ್ಷೇಪ: "ಷರತ್ತೇ ಅನ್ಯಾಯವಾಗಿದ್ದರೆ?" ಇದು ತಳ್ಳಿಹಾಕುವ ಮಾತಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಒಪ್ಪಂದಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಹೇಳುವಾಗಲೇ, ಅವು ನೈತಿಕವಾಗಿ ನ್ಯಾಯವಾಗಿರುವ ಮಟ್ಟಿಗೆ ಎಂಬ ಮಿತಿಯನ್ನೂ ಇಟ್ಟಿದೆ. ಯಂತ್ರದೊಡನೆ ಮಾರಬೇಕಾದ ಒಇಎಂ ಪ್ರತಿಯನ್ನು ಮೂರನೆಯವರು ಬಿಡಿಯಾಗಿ ಮಾರುವುದನ್ನು ಮೈಕ್ರೋಸಾಫ್ಟ್ ತಡೆಯಲಾಗದೆಂದು ಜರ್ಮನಿಯ ಉಚ್ಚ ನ್ಯಾಯಪೀಠ 2000ದಲ್ಲಿ ತೀರ್ಪಿತ್ತಿತು. ಬಳಸಿದ ಲೈಸೆನ್ಸುಗಳ ಮರುಮಾರಾಟವನ್ನು ಯೂರೋಪಿನ ನ್ಯಾಯಾಲಯ 2012ರಲ್ಲಿ ಎತ್ತಿಹಿಡಿಯಿತು. ಆದರೆ ಮಾರಿದವನು ತನ್ನ ಪ್ರತಿಯನ್ನು ನಿರುಪಯುಕ್ತಗೊಳಿಸಲೇಬೇಕೆಂದಿತು. ಆ ತೀರ್ಪುಗಳು ಆ ನಾಡುಗಳಿಗೆ ಸೇರಿದವು. ಆದರೂ ಗಮನಿಸಿ, ಕೊಂಡವರ ಪರ ನಿಂತ ನ್ಯಾಯಾಲಯವೂ ಒಂದನ್ನು ಎರಡಾಗಿಸಲು ಬಿಡಲಿಲ್ಲ. ನಮ್ಮ ವ್ಯಾಜ್ಯದಲ್ಲಿ ನಾವೇ ನ್ಯಾಯಾಧೀಶರಾದಾಗ ತೀರ್ಪು ನಮ್ಮ ಜೇಬಿನ ಕಡೆಗೇ ವಾಲುತ್ತದೆ ಎಂಬುದನ್ನೂ ಮರೆಯಬಾರದು.

"ಅಷ್ಟು ದೊಡ್ಡ ಕಂಪನಿಗೆ ಇದರಿಂದ ಏನು ನಷ್ಟ?" ಎನ್ನುವವರೂ ಇದ್ದಾರೆ. ನ್ಯಾಯತೀರ್ಪಿನಲ್ಲಿ ಬಡವನ ಪಕ್ಷವನ್ನಾಗಲಿ ಬಲಿಷ್ಠನ ಪಕ್ಷವನ್ನಾಗಲಿ ವಹಿಸಬಾರದೆಂದು ಯಾಜಕಕಾಂಡ ಎಚ್ಚರಿಸುತ್ತದೆ. ಬೆಲೆ ಭಾರವೆಂಬುದು ಅನೇಕ ಮನೆಗಳ ನಿಜವಾದ ಕಷ್ಟ. ಅಂಥವರಿಗೆ ಕಳ್ಳದಾರಿಯಲ್ಲದ ದಾರಿಯೂ ಇದೆ. ಲೀನುಸ್ ಟೋರ್ವಾಲ್ಡ್ಸ್ ಎಂಬ ಹೆಲ್ಸಿಂಕಿಯ ವಿದ್ಯಾರ್ಥಿ 1991ರಲ್ಲಿ ಆರಂಭಿಸಿದ ಲಿನಕ್ಸನ್ನು ಹಣವಿಲ್ಲದೆ ಪಡೆಯಬಹುದು, ಎಷ್ಟು ಕಂಪ್ಯೂಟರುಗಳಿಗೆ ಬೇಕಾದರೂ ಹಾಕಬಹುದು, ಇತರರಿಗೂ ಹಂಚಬಹುದು. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಅದರಲ್ಲೇ ಕಲಿಯುತ್ತಿದ್ದಾರೆ.

ಹಾಗಾದರೆ ತಂದೆ ಮಗನೊಡನೆ ಕುಳಿತು ಮೂರು ವಿಷಯ ವಿಚಾರಿಸಲಿ. ಈ ಲೈಸೆನ್ಸ್ ಯಾವ ಬಗೆಯದು? ಅದು ಹಳೆಯ ಯಂತ್ರದಲ್ಲಿ ಇನ್ನೂ ನಡೆಯುತ್ತಿದೆಯೇ? ಮಾಡಿದ್ದನ್ನು ಮಾರಿದವರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಬಹುದೇ? ಷರತ್ತನ್ನು ಓದದೆ 'ಒಪ್ಪಿದೆ' ಎಂದು ಒತ್ತಿದವರ ಹೊಣೆ, ತಿಳಿಯದಷ್ಟು ಕಾಲ, ಹಗುರವೇ. ತಿಳಿದ ಮೇಲೆ ಸರಿಪಡಿಸುವುದು ಕರ್ತವ್ಯ. ಎರಡರಲ್ಲಿ ಒಂದರಿಂದ ತೆಗೆದುಹಾಕುವುದೋ, ಇನ್ನೊಂದಕ್ಕೆ ಹಣ ತೆರುವುದೋ, ಲಿನಕ್ಸ್ ಹಾಕುವುದೋ ಆಯಾ ಮನೆಯವರು ನಿರ್ಧರಿಸಲಿ. ಸ್ವಲ್ಪದರಲ್ಲಿ ಪ್ರಾಮಾಣಿಕನಾದವನ ಬಗ್ಗೆ ಯೇಸುಸ್ವಾಮಿ ಹೇಳಿದ ಮಾತನ್ನು ಮಕ್ಕಳು ಕಲಿಯುವುದು ಯಾರೂ ನೋಡದ, ಯಾರೂ ಕೇಳದ ಇಂಥ ಸಣ್ಣ ಲೆಕ್ಕಗಳಲ್ಲಿಯೇ.