ಕಟ್ಟಿದವರು ಯಾರು?

ವಸುಧಾ: ಸಾರ್, ಆಫೀಸಿನಿಂದ ಒಂದು ಸುತ್ತೋಲೆ ಬಂದಿದೆ. 'ಎಂಪ್ಲಾಯೀಸ್ ಆರ್ ಎಕ್ಸ್‌ಪೆಕ್ಟೆಡ್ ಟು ಬಿ ಅವೈಲಬಲ್ ಆನ್ ವೀಕೆಂಡ್ಸ್.' ಶನಿವಾರ, ಭಾನುವಾರವೂ ಫೋನಿಗೆ ಸಿಗಬೇಕಂತೆ. ನಿರೀಕ್ಷಿಸ್ತಿರೋದು ಯಾರು ಅಂತ ಮಾತ್ರ ಎಲ್ಲೂ ಇಲ್ಲ.

ಮೇಷ್ಟ್ರು: ಕರ್ಮಣಿ ಪ್ರಯೋಗದ ಗುಣವೇ ಅದು. ಕರ್ತೃವನ್ನು ಕೈಬಿಟ್ಟರೂ ವಾಕ್ಯಕ್ಕೆ ಏನೂ ಕೊರತೆ ಆಗಲ್ಲ. ಇಂಗ್ಲಿಷಿನಲ್ಲಿ ಕರ್ತವ್ಯ ಹೇಳುವ ಎಷ್ಟೋ ಮಾತು ಇದೇ ಅಚ್ಚಿನವು: ರಿಕ್ವೈರ್ಡ್, ಆಬ್ಲೈಜ್ಡ್, ಬೌಂಡ್, ಸಪೋಸ್ಡ್. ಮಸ್ಟ್‌ಗೆ ಭೂತಕಾಲದ ರೂಪ ಇಲ್ಲವಲ್ಲ, ನಿನ್ನೆಯ ಕರ್ತವ್ಯ ಹೇಳೋಕೆ ಹ್ಯಾಡ್ ಟು ಅನ್ನಬೇಕು, ಇಲ್ಲ ಇವನ್ನು ಹಿಡಿಯಬೇಕು.

ವಸುಧಾ: ಅಂದರೆ ಅಪ್ಪಣೆ ಕೊಟ್ಟವರು ಮರೆಯಲ್ಲಿ ನಿಲ್ಲೋಕೆ ಮಾಡಿಕೊಂಡ ಉಪಾಯ.

ಮೇಷ್ಟ್ರು: ಎಲ್ಲ ಕಡೆ ಅಲ್ಲ. ರಿಕ್ವೈರ್ಡ್ ಆದಮೇಲೆ 'ಬೈ ಲಾ' ಅಂತ ಸೇರಿಸಿ ನೋಡು, ಸಲೀಸಾಗಿ ಕೂರುತ್ತೆ. ಈಗ 'ಯು ಆರ್ ಸಪೋಸ್ಡ್ ಟು ಪೇ' ತಗೊ. ಇದನ್ನು ಕರ್ತರಿಗೆ ತಿರುಗಿಸು.

ವಸುಧಾ: 'ದೇ ಸಪೋಸ್ ಯು ಟು ಪೇ'... ಆಗಲ್ಲ. ಯಾರೂ ಹಾಗೆ ಮಾತಾಡಲ್ಲ.

ಮೇಷ್ಟ್ರು: ಸಪೋಸ್ ಅಂದರೆ ಭಾವಿಸು, ಊಹಿಸು. ಯಾರೋ ಊಹಿಸಿದ್ದು ಬರಬರುತ್ತಾ ಕಟ್ಟಳೆ ಆಯಿತು, ಊಹಿಸಿದವರು ಕಳಚಿಕೊಂಡರು. ಇನ್ನೂ ಹತ್ತಿರದಿಂದ ನೋಡು. 'ಹಿ ವಾಸ್ ಸಪೋಸ್ಡ್ ಟು ಪೇ' ಅಂದರೆ ಅವನು ಕೊಡಲಿಲ್ಲ ಅನ್ನೋ ಧ್ವನಿ ಬರುತ್ತೆ. 'ಹಿ ವಾಸ್ ಆಬ್ಲೈಜ್ಡ್ ಟು ಪೇ' ಅಂದರೆ ಕೊಟ್ಟೇಬಿಟ್ಟ ಅನ್ನೋ ಧ್ವನಿ.

ವಸುಧಾ: ಹೌದಲ್ಲ! ಒಂದರಲ್ಲಿ ಕರ್ತವ್ಯ ಇತ್ತು, ಕೆಲಸ ಆಗಲಿಲ್ಲ...

ಮೇಷ್ಟ್ರು: ಇನ್ನೊಂದರಲ್ಲಿ ಕೆಲಸ ಆಯಿತು, ಕರ್ತವ್ಯ ಇತ್ತೋ ಇಲ್ಲವೋ ಹೇಳೋಕೆ ಬರಲ್ಲ. ಆಕ್ಸ್‌ಫರ್ಡಿನ ಕಾನೂನು ತತ್ವಜ್ಞಾನಿ ಎಚ್. ಎಲ್. ಎ. ಹಾರ್ಟ್ 1961ರ 'ದ ಕಾನ್ಸೆಪ್ಟ್ ಆಫ್ ಲಾ'ದಲ್ಲಿ ಹಿಡಿದದ್ದು ಇದನ್ನೇ. ಒಬ್ಬ ಬಂದೂಕು ತೋರಿಸಿ ದುಡ್ಡು ಕೇಳ್ತಾನೆ. ಕೊಟ್ಟವನು ಆಬ್ಲೈಜ್ಡ್ ಆಗಿದ್ದ ಅನ್ನಬಹುದು, ಕೊಡುವ ಆಬ್ಲಿಗೇಶನ್ ಅವನಿಗಿತ್ತು ಅನ್ನೋಕಾಗಲ್ಲ. ಕಾನೂನು ಅಂದರೆ ಬೆದರಿಕೆಯ ಬಲದ ಅಪ್ಪಣೆ ಅನ್ನೋ ಜಾನ್ ಆಸ್ಟಿನ್ ವಾದವನ್ನು ಹಾರ್ಟ್ ಎದುರಿಸಿದ್ದು ಈ ಉದಾಹರಣೆ ಇಟ್ಟುಕೊಂಡು.

ವಸುಧಾ: ವಿಚಿತ್ರ ಸಾರ್. ಕರ್ತೃ ಬಂದೂಕು ಹಿಡಿದು ಎದುರಿಗೇ ನಿಂತಿರುವಲ್ಲಿ ಕರ್ತವ್ಯ ಇಲ್ಲ. ಕರ್ತವ್ಯ ಇರುವಲ್ಲಿ ಕರ್ತೃ ಕಾಣಲ್ಲ.

ಮೇಷ್ಟ್ರು: ತತ್ವಜ್ಞಾನಿ ಎಲಿಜಬೆತ್ ಆನ್ಸ್‌ಕೂಮ್ 1958ರ ಒಂದು ಲೇಖನದಲ್ಲಿ ಇದಕ್ಕೆ ಕಾರಣ ಕೊಟ್ಟಿದ್ದಾರೆ. ಆಬ್ಲೈಜ್ಡ್, ಬೌಂಡ್, ರಿಕ್ವೈರ್ಡ್ ಎಲ್ಲ ಕಾನೂನಿನ ಮಾತು. ವಿಧಿಸಿದವನು ದೇವರು ಅಂತ ಜನ ನಂಬಿದ್ದಾಗ ಅವಕ್ಕೆ ಕರ್ತೃ ಇದ್ದ. ನಂಬಿಕೆ ಹೋಯಿತು, ಮಾತು ಉಳಿಯಿತು. ಕೋರ್ಟು, ಕ್ರಿಮಿನಲ್ ಕಾನೂನು ಎರಡೂ ರದ್ದಾದ ಮೇಲೂ ಅಪರಾಧಿ ಅನ್ನೋ ಕಲ್ಪನೆ ಉಳಿದ ಹಾಗೆ ಅಂತಾರೆ ಅವರು.

ವಸುಧಾ: ಅದನ್ನು ಒಪ್ಪಿದರೆ ಈ ಮಾತುಗಳನ್ನೇ ಬಿಡಬೇಕಾಗುತ್ತೆ.

ಮೇಷ್ಟ್ರು: ಅವರು ಹೇಳಿದ್ದೂ ಅದನ್ನೇ, ಸಾಧ್ಯವಾದರೆ ಬಿಡಿ ಅಂತ. ನನಗೆ ಒಪ್ಪಿಗೆ ಇಲ್ಲ. 'ಐ ಆಮ್ ಬೌಂಡ್ ಬೈ ಮೈ ವರ್ಡ್' ಅನ್ನೋದನ್ನು ಯೋಚಿಸು. ಸ್ನೇಹಿತನಿಗೆ ಮಾತು ಕೊಟ್ಟೆ. ಕಟ್ಟಿದವನು ನಾನೇ, ಕಟ್ಟಿಸಿಕೊಂಡವನೂ ನಾನೇ. ಆದರೆ ಇವತ್ತು ಮನಸ್ಸು ಬದಲಾಯಿತು ಅಂತ ನಾನೇ ಬಿಚ್ಚಿಕೊಳ್ಳೋ ಹಾಗಿಲ್ಲ. ಬಿಡಿಸೋದು ಅವನ ಕೈಲಿದೆ. ಇಲ್ಲಿ ಕರ್ಮಣಿ ಏನನ್ನೂ ಮುಚ್ಚಿಡ್ತಿಲ್ಲ, ಇದ್ದದ್ದನ್ನೇ ಹೇಳ್ತಿದೆ.

ವಸುಧಾ: ಸುತ್ತೋಲೆಯ ವಿಷಯದಲ್ಲಿ ನಾನು ಯಾರಿಗೂ ಮಾತು ಕೊಟ್ಟಿಲ್ಲ. ದೇವರೂ ಇಲ್ಲ, ಕಾನೂನೂ ಇಲ್ಲ. ಯಾರೋ ಒಬ್ಬರು ಮ್ಯಾನೇಜರ್ ಇದ್ದಾರೆ, ಸಹಿ ಹಾಕಿಲ್ಲ.

ಮೇಷ್ಟ್ರು: ಅದಕ್ಕೇ ಅಲ್ಲಿ ಕರ್ತೃ ಯಾರು ಅಂತ ಕೇಳಲೇಬೇಕು. ನಮ್ಮ ಕಚೇರಿ ಕನ್ನಡಕ್ಕೂ ಈ ಅಭ್ಯಾಸ ಹತ್ತಿದೆ: 'ಸೂಚಿಸಲಾಗಿದೆ', 'ಕೋರಲಾಗಿದೆ'. ಸೂಚಿಸಿದ್ದು ಯಾರು ಅಂತ ಕೇಳಿದರೆ ಗುಮಾಸ್ತ ಮೇಲಿನವರನ್ನು ತೋರಿಸ್ತಾನೆ. ಇನ್ನೊಬ್ಬರ ಮೇಲೆ ಹೊಣೆ ಹೊರಿಸುವಾಗ ತನ್ನ ಹೆಸರು ಹೇಳುವಷ್ಟು ಮರ್ಯಾದೆ ಇರಬೇಕು ಕಣಮ್ಮ. ನನಗೆ ಇದು ವ್ಯಾಕರಣಕ್ಕಿಂತ ದೊಡ್ಡ ವಿಷಯ.

ವಸುಧಾ: ಎಕ್ಸ್‌ಪೆಕ್ಟೆಡ್ ಆದಮೇಲೆ ಒಂದು 'ಬೈ' ಸೇರಿಸಿ, ಮುಂದಿನ ಜಾಗ ಖಾಲಿ ಬಿಟ್ಟು ವಾಪಸ್ ಕಳಿಸ್ತೀನಿ.

ಮೇಷ್ಟ್ರು: ಕಳಿಸು. ಸಿಗದೇ ಇದ್ದರೆ ಏನಾಗುತ್ತೆ ಅಂತಲೂ ಕೇಳು. ಸಂಬಳ ಕಡಿತ ಅಂತಾದರೆ ಅದು ನಿರೀಕ್ಷೆ ಅಲ್ಲ. ರಿಕ್ವೈರ್ಡ್ ಅಂತಲೇ ಬರೆದು, ಕೆಳಗೆ ಸಹಿ ಮಾಡಲಿ.