ಯುದ್ಧಕಾಲದ ಮತ ಮತ್ತು ಮತದಾರನ ವಿವೇಕ

ಪ್ರಜಾಪ್ರಭುತ್ವದಲ್ಲಿ ಪ್ರಜೆಯೇ ಪ್ರಭು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಪ್ರಭುವು ಯಾವ ಮನಃಸ್ಥಿತಿಯಲ್ಲಿ ತನ್ನ ಆಜ್ಞೆಯನ್ನು ಹೊರಡಿಸುತ್ತಾನೆಂಬುದನ್ನು ವಿಚಾರಿಸುವವರು ವಿರಳ. ಶಾಂತಿಕಾಲದಲ್ಲಿ ನೀರು, ರಸ್ತೆ, ಪಡಿತರಗಳ ಲೆಕ್ಕ ಕೇಳುವ ಮತದಾರನು ಗಡಿಯಲ್ಲಿ ಗುಂಡಿನ ಸದ್ದಾದೊಡನೆ ಬೇರೊಬ್ಬನಾಗುತ್ತಾನೆ. ಇದು ಧರ್ಮವೋ, ಮೋಹವೋ? ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯ ಹಿರಿಯ ಭಕ್ತರೊಬ್ಬರು ಒಮ್ಮೆ, “ಬುದ್ಧೀ, ನಮ್ಮೂರಿನ ಕೊಳವೆಬಾವಿಗೂ ಕಾಶ್ಮೀರಕ್ಕೂ ಸೇರಿ ಇರುವುದು ಒಂದೇ ಓಟು. ಯಾವುದಕ್ಕೆ ಹಾಕೋಣ?” ಎಂದು ನಮ್ಮನ್ನು ಕೇಳಿದರು. ಗ್ರಾಮ್ಯವೆಂದು ಕಂಡರೂ ರಾಜನೀತಿಶಾಸ್ತ್ರದ ದೊಡ್ಡ ಪ್ರಶ್ನೆಯೊಂದು ಅದರಲ್ಲಡಗಿದೆ.

ಮೊದಲು ನಡೆದುದನ್ನು ನೋಡೋಣ. 1971ರ ಡಿಸೆಂಬರಿನಲ್ಲಿ ಬಾಂಗ್ಲಾದೇಶದ ಯುದ್ಧ ಮುಗಿಯಿತು. ಅದರ ಬೆನ್ನಿಗೇ 1972ರ ಆರಂಭದಲ್ಲಿ ನಮ್ಮ ರಾಜ್ಯದಲ್ಲಿ, ಅಂದಿನ ಮೈಸೂರು ರಾಜ್ಯದಲ್ಲಿ, ವಿಧಾನಸಭೆಯ ಚುನಾವಣೆ ನಡೆದು 216 ಸ್ಥಾನಗಳಲ್ಲಿ 165 ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿಗೆ ಬಂದವು. ದೇವರಾಜ ಅರಸರು ಮುಖ್ಯಮಂತ್ರಿಗಳಾದರು. ವಿಜಯದ ಉತ್ಸಾಹವೂ ಬಡತನ ನಿವಾರಣೆಯ ಘೋಷಣೆಯೂ ಅಂದು ಬೆರೆತುಹೋಗಿದ್ದವು. ಯಾವುದರ ಪಾಲೆಷ್ಟೆಂದು ಬಿಡಿಸಿ ಹೇಳುವುದು ಕಷ್ಟ.

ಆದರೆ 1999ರ ಸಂಗತಿ ಬೇರೆ. ಮೇ ತಿಂಗಳಿಂದ ಜುಲೈವರೆಗೆ ಕಾರ್ಗಿಲ್ ಕದನ ನಡೆಯಿತು. ಐನೂರಕ್ಕೂ ಹೆಚ್ಚು ಯೋಧರು ಪ್ರಾಣವಿತ್ತರು. ಸೆಪ್ಟೆಂಬರಿನಲ್ಲಿ ಕನ್ನಡಿಗನು ಮತಗಟ್ಟೆಗೆ ಹೋದಾಗ ಲೋಕಸಭೆಗೆ ಒಂದು, ವಿಧಾನಸಭೆಗೆ ಇನ್ನೊಂದು, ಹೀಗೆ ಎರಡು ಮತಗಳನ್ನು ಒಟ್ಟಿಗೇ ನೀಡಬೇಕಾಯಿತು. ದೇಶದಲ್ಲಿ ವಾಜಪೇಯಿಯವರ ಮೈತ್ರಿಕೂಟ ಗೆದ್ದಿತು. ಕರ್ನಾಟಕದಲ್ಲಿ ಮಾತ್ರ 28 ಲೋಕಸಭಾ ಸ್ಥಾನಗಳಲ್ಲಿ 18 ಕಾಂಗ್ರೆಸ್ಸಿಗೆ ಹೋದವು. ಹಿಂದಿನ ವರ್ಷ 13 ಗೆದ್ದಿದ್ದ ಭಾರತೀಯ ಜನತಾ ಪಕ್ಷ 7ಕ್ಕೆ ಇಳಿಯಿತು. ರಾಜ್ಯದ ಜನತಾದಳ ಸರ್ಕಾರದ ಮೇಲಿನ ಬೇಸರ, ಅದರ ಒಂದು ಬಣದೊಡನೆ ಆ ಪಕ್ಷ ಮಾಡಿಕೊಂಡ ಮೈತ್ರಿ, ಇವು ಕಾರ್ಗಿಲ್ಲಿಗಿಂತ ಹೆಚ್ಚು ತೂಗಿದವು. ಹಾಗೆಂದು ಕನ್ನಡಿಗರ ದೇಶಭಕ್ತಿ ಆ ವರ್ಷ ಕುಗ್ಗಿತ್ತೆನ್ನಲು ಯಾರಿಗೂ ಸಾಧ್ಯವಿಲ್ಲ. ಕಾರ್ಯಪ್ಪ, ತಿಮ್ಮಯ್ಯನವರನ್ನು ಕೊಟ್ಟ ನಾಡಿದು. ದೇಶಭಕ್ತಿ ಬೇರೆ, ಮತ ಬೇರೆ ಎಂದು ಮತದಾರನು ತನಗೆ ತಿಳಿಯದೆಯೇ ತೋರಿಸಿಕೊಟ್ಟನು.

ಇದಕ್ಕೆ ವಿರುದ್ಧವಾಗಿ 2019ರಲ್ಲಿ ಫೆಬ್ರುವರಿ 14ರ ಪುಲ್ವಾಮ, 26ರ ಬಾಲಾಕೋಟ್ ಘಟನೆಗಳ ತರುವಾಯ ಅದೇ ಪಕ್ಷ ಇಲ್ಲಿ 25 ಸ್ಥಾನಗಳನ್ನು ಗೆದ್ದಿತು. ಚಿಕ್ಕಬಳ್ಳಾಪುರ ಜಿಲ್ಲೆಯ ಐದು ವಿಧಾನಸಭಾ ಕ್ಷೇತ್ರಗಳಲ್ಲಿ 2018ರಲ್ಲಿ ಒಂದನ್ನೂ ಗೆಲ್ಲದಿದ್ದ ಪಕ್ಷವು ಮರುವರ್ಷ ಚಿಕ್ಕಬಳ್ಳಾಪುರ, ಕೋಲಾರಗಳೆರಡೂ ಲೋಕಸಭಾ ಕ್ಷೇತ್ರಗಳನ್ನು ಗೆದ್ದುಕೊಂಡಿತು. 2023ರಲ್ಲಿ ಮತ್ತೆ ಆ ಐದರಲ್ಲಿ ಒಂದೂ ಅದಕ್ಕೆ ದಕ್ಕಲಿಲ್ಲ. ಎದುರಾಳಿಗಳ ಒಳಜಗಳವೂ ಅಂದು ಕೆಲಸ ಮಾಡಿತು, ಎಲ್ಲವನ್ನೂ ಯುದ್ಧದ ತಲೆಗೆ ಕಟ್ಟಲಾಗದು. ಪಕ್ಷಗಳ ಗುಣದೋಷವೂ ನಮ್ಮ ವಿಷಯವಲ್ಲ. ಮಠಕ್ಕೆ ಎಲ್ಲ ಪಕ್ಷಗಳ ಭಕ್ತರೂ ಬರುತ್ತಾರೆ. ನಮಗೆ ಮುಖ್ಯವಾಗಿ ಕಾಣುವುದು ಆ ಮಾರ್ಚಿನಲ್ಲಿ ಚುನಾವಣಾ ಆಯೋಗವು ಯೋಧರ ಭಾವಚಿತ್ರಗಳನ್ನು ಪ್ರಚಾರಕ್ಕೆ ಬಳಸಬಾರದೆಂದು ಪಕ್ಷಗಳಿಗೆ ಸೂಚಿಸಬೇಕಾಗಿ ಬಂದುದು. ಆ ಸೂಚನೆಯಲ್ಲಿ ಒಂದು ಧರ್ಮಸೂಕ್ಷ್ಮವಿದೆ.

ಕಾಯಕವು ಮಾಡಿದವನದು. ಹಿಮದ ಶಿಖರದಲ್ಲಿ ನಿಂತವನ ಕಾಯಕವನ್ನು ಇನ್ನೊಬ್ಬನು ತನ್ನ ಹೆಸರಿಗೆ ಬರೆಸಿಕೊಳ್ಳುವುದು, ಪರರ ದುಡಿಮೆಯಿಂದ ದಾಸೋಹ ಮಾಡಿ ಪುಣ್ಯವನ್ನು ತಾನು ಬಯಸಿದಂತೆ. ಯೋಧನ ಋಣ ನಮ್ಮ ಮೇಲಿದೆ, ನಿಜ. ಆ ಋಣವನ್ನು ಅವನ ಕುಟುಂಬದ ಯೋಗಕ್ಷೇಮದಿಂದ ತೀರಿಸಬೇಕೇ ಹೊರತು ಮತಪತ್ರದಿಂದಲ್ಲ. ಮತವು ದಾನವೂ ಅಲ್ಲ, ಋಣಸಂದಾಯವೂ ಅಲ್ಲ; ಮುಂದಿನ ಐದು ವರ್ಷಗಳ ಕೆಲಸಕ್ಕೆ ಆಳನ್ನು ಗೊತ್ತುಮಾಡುವ ಕ್ರಿಯೆ. ಹಿಟ್ಲರನ ವಿರುದ್ಧ ಬ್ರಿಟನ್ನನ್ನು ನಡೆಸಿದ ಚರ್ಚಿಲ್ಲರನ್ನು ಆ ದೇಶದ ಜನ 1945ರ ಜುಲೈಯಲ್ಲೇ, ಜಪಾನಿನೊಡನೆ ಯುದ್ಧ ಮುಗಿಯುವ ಮುನ್ನವೇ, ಅಧಿಕಾರದಿಂದ ಇಳಿಸಿದರು. ಕೃತಘ್ನತೆಯೆಂದು ಕೆಲವರು ಹಳಿಯುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಮನೆ, ಉದ್ಯೋಗ, ಆರೋಗ್ಯಗಳ ಕೆಲಸಕ್ಕೆ ಅವರಿಗೆ ಬೇರೆ ಆಳು ಬೇಕಿತ್ತು. ಅಮೆರಿಕದಲ್ಲಿಯೂ 1991ರ ಕೊಲ್ಲಿ ಯುದ್ಧ ಗೆದ್ದ ಅಧ್ಯಕ್ಷ ಬುಷ್ 1992ರಲ್ಲಿ ಸೋತರು.

ಹಾಗಾದರೆ ಪರರಾಷ್ಟ್ರ ವ್ಯವಹಾರವನ್ನು ಮತದಾರನು ಮರೆಯಬೇಕೇ? ಖಂಡಿತ ಇಲ್ಲ. ಯುದ್ಧ-ಶಾಂತಿಗಳ ನಿರ್ಣಯಕ್ಕಿಂತ ಭಾರವಾದ ನಿರ್ಣಯ ಆಳುವವರಿಗೆ ಬೇರೊಂದಿಲ್ಲ. ತೊಡಕಿರುವುದು ಅರಿವಿನಲ್ಲಿ. ನಮ್ಮೂರಿನ ಚರಂಡಿ ಕಟ್ಟಿದೆಯೇ ಇಲ್ಲವೇ ಎಂಬುದನ್ನು ಕಣ್ಣಿಂದ ಕಾಣಬಹುದು. ಗಡಿಯಾಚೆ ನಡೆದುದನ್ನು ಹೇಳಿದವರ ಬಾಯಿಂದಲೇ ಕೇಳಬೇಕು, ಹೇಳುವವರೇ ಮತ ಕೇಳುವವರೂ ಆಗಿರುತ್ತಾರೆ. ಗೋವಾ ವಿಮೋಚನೆಯ ಮರುತಿಂಗಳುಗಳಲ್ಲಿ, 1962ರ ಫೆಬ್ರುವರಿಯಲ್ಲಿ, ರಕ್ಷಣಾ ಮಂತ್ರಿ ಕೃಷ್ಣ ಮೆನನ್ನರು ಉತ್ತರ ಮುಂಬಯಿಯಲ್ಲಿ ಆಚಾರ್ಯ ಕೃಪಲಾನಿಯವರನ್ನು ಸೋಲಿಸಿದರು. ಅದೇ ನವೆಂಬರಿನಲ್ಲಿ ಚೀನಾದೆದುರಿನ ಸೋಲಿನಿಂದ ರಾಜೀನಾಮೆ ಕೊಡಬೇಕಾಯಿತು. ಸೇನೆಯ ಸಿದ್ಧತೆಯ ಕೊರತೆ ಒಂಬತ್ತು ತಿಂಗಳ ಹಿಂದೆಯೂ ಇತ್ತು. ಮತದಾರನಿಗೆ ಕಾಣಿಸಿದ್ದು ಗೋವಾ ಮಾತ್ರ. ಕಾರ್ಗಿಲ್ ಕುರಿತು ಕೆ. ಸುಬ್ರಹ್ಮಣ್ಯಂ ಅವರ ಸಮಿತಿಯ ವರದಿ ಸಂಸತ್ತಿನ ಮುಂದೆ ಬಂದದ್ದು 2000ದ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಚುನಾವಣೆ ಮುಗಿದುಹೋಗಿತ್ತು. ಸಾಕ್ಷ್ಯ ಬರುವ ಮುನ್ನವೇ ತೀರ್ಪು ಹೇಳಬೇಕಾದ ನ್ಯಾಯಾಧೀಶನ ಪಾಡು ಮತದಾರನದು. ಅಮೆರಿಕದ ವಿಲ್ಸನ್ನರು ದೇಶವನ್ನು ಯುದ್ಧದಿಂದ ದೂರವಿಟ್ಟರೆಂಬ ಪ್ರಚಾರದ ಬಲದಿಂದ 1916ರಲ್ಲಿ ಮರಳಿ ಗೆದ್ದು, 1917ರ ಏಪ್ರಿಲಿನಲ್ಲಿ ಯುದ್ಧಕ್ಕಿಳಿದುದನ್ನೂ ಇಲ್ಲಿ ನೆನೆಯಬಹುದು.

ಆದುದರಿಂದ ಇಂಥ ಕಾಲದಲ್ಲಿ ನೀತಿಯನ್ನು ಅಳೆಯಲಾಗದಿದ್ದರೂ ನಡತೆಯನ್ನು ಅಳೆಯಬಹುದು. ತನಗೆ ನಷ್ಟವಾಗುವಾಗಲೂ ನಿಜ ನುಡಿದವನೇ? ಸೋಲಿನ ಹೊಣೆ ಹೊತ್ತವನೇ? ಪ್ರಶ್ನೆ ಕೇಳಿದವರನ್ನೆಲ್ಲ ದ್ರೋಹಿಗಳೆಂದವನೇ? ಇವು ಹಳ್ಳಿಯ ಕಟ್ಟೆಯ ಮೇಲೆ ಕುಳಿತವರಿಗೂ ತಿಳಿಯುವ ಸಂಗತಿಗಳು.

ಇನ್ನೊಂದು ಮಾತು. ಯುದ್ಧವೊಂದೇ ವಿದೇಶಾಂಗ ನೀತಿಯಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗುವ ರೈತನ ಬದುಕನ್ನು ಚೀನಾ ದೇಶವು ಗಡಿಯಲ್ಲಿ ಕದಲಿಸಿದ್ದಕ್ಕಿಂತ ರೇಷ್ಮೆಯಲ್ಲಿ ಕದಲಿಸಿದ್ದೇ ಹೆಚ್ಚು. 2011ರ ಕೇಂದ್ರ ಮುಂಗಡಪತ್ರದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಅದನ್ನು 15ಕ್ಕೆ ಏರಿಸಬೇಕಾಯಿತು. ಹಿಪ್ಪುನೇರಳೆ ತೋಟವನ್ನು ಸಾವಿರ ಅಡಿ ಆಳದ ನೀರಿನಿಂದ ಬದುಕಿಸಿಕೊಂಡವನಿಗೆ ಆ ಸುಂಕದ ಅಂಕಿ ಗಡಿರೇಖೆಯಷ್ಟೇ ದೊಡ್ಡದು. ಕಾಶ್ಮೀರಕ್ಕೋ ಕೊಳವೆಬಾವಿಗೋ ಎಂದು ಎರಡೇ ದಾರಿಗಳನ್ನು ಮುಂದಿಟ್ಟುಕೊಂಡರೆ ನಡುವಿನ ಈ ವಿಷಯ ಕೈತಪ್ಪುತ್ತದೆ. ಮುಂದಿನ ಬಾರಿ ಮತ ಕೇಳಲು ಬರುವ ಲೋಕಸಭಾ ಅಭ್ಯರ್ಥಿಗಳನ್ನು ಶಿಡ್ಲಘಟ್ಟ, ಚಿಂತಾಮಣಿಗಳ ಭಕ್ತರು ಕಚ್ಚಾ ರೇಷ್ಮೆಯ ಸುಂಕ ಇಂದು ಎಷ್ಟಿದೆಯೆಂದು ಒಮ್ಮೆ ಕೇಳಿ ನೋಡಲಿ.