ಅನ್ನ ಮತ್ತು ಭಕ್ತ: ಒಂದು ಪದವಿಚಾರ

ಪರಊರುಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಒಮ್ಮೊಮ್ಮೆ ಒಂದು ಪ್ರಶ್ನೆಯನ್ನು ಕೇಳುವುದುಂಟು. ನಾವು ಮನೆಯಲ್ಲಿ 'ಅನ್ನ' ಎಂದರೆ ಬೇಯಿಸಿದ ಅಕ್ಕಿ. ಮುಂಬಯಿ, ಪುಣೆಗಳ ನೆರೆಮನೆಯವರಿಗೆ 'ಅನ್ನ'ವೆಂದರೆ ಆಹಾರವೆಲ್ಲವೂ. ಬೇಯಿಸಿದ ಅಕ್ಕಿ ಅವರಿಗೆ 'ಭಾತ'. ದಿಲ್ಲಿಯ ಹಿಂದಿಯಲ್ಲಿ 'ಅನ್ನ'ವೆಂದರೆ ಧಾನ್ಯ. ಹೈದರಾಬಾದಿನ 'ಅನ್ನಂ' ಮಾತ್ರ ನಮ್ಮ ಅನ್ನವೇ. ಒಂದೇ ಪದಕ್ಕೆ ಇಷ್ಟೊಂದು ಅರ್ಥಗಳೇಕೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಅದು ಕೋಶದಲ್ಲಿಯೇ ನಿಲ್ಲದೆ ನಮ್ಮ ಅಡಿಗೆಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

'ಅದ್' ಎಂಬ ಧಾತುವಿಗೆ ತಿನ್ನುವುದು ಎಂದರ್ಥ. ಅದರಿಂದ ನಿಷ್ಪನ್ನವಾದ 'ಅನ್ನ' ಶಬ್ದಕ್ಕೆ ತಿನ್ನಲ್ಪಡುವುದು ಎಂಬುದು ಮೂಲಾರ್ಥ. ಆದುದರಿಂದಲೇ ಅದು ಎಲ್ಲ ಆಹಾರಕ್ಕೂ ಸಲ್ಲುತ್ತದೆ. ಎಲ್ಲಿ ಯಾವುದು ಮುಖ್ಯವೋ ಅಲ್ಲಿ ಅದಕ್ಕೇ ಹೆಸರಾಗಿ ನಿಲ್ಲುತ್ತದೆ. ತೈತ್ತಿರೀಯೋಪನಿಷತ್ತು ಇಷ್ಟಕ್ಕೇ ತೃಪ್ತವಾಗದೆ ಇನ್ನೊಂದು ಮುಖವನ್ನೂ ತೋರಿಸುತ್ತದೆ: ಜೀವಿಗಳಿಂದ ತಿನ್ನಲ್ಪಡುವುದೂ ಅನ್ನ, ಜೀವಿಗಳನ್ನು ತಿನ್ನುವುದೂ ಅನ್ನ. ನಾವು ಅನ್ನವನ್ನು ಉಣ್ಣುತ್ತೇವೆಂದು ತಿಳಿದಿರುವಾಗಲೇ ಅದು ನಮ್ಮನ್ನು ಉಣ್ಣುತ್ತಿರಬಹುದೆಂಬ ಎಚ್ಚರಿಕೆ ಈ ವ್ಯುತ್ಪತ್ತಿಯಲ್ಲಿಯೇ ಅಡಗಿದೆ. ಶ್ರೀಮದಾಚಾರ್ಯರಾದರೋ ಅಲ್ಲಿ ಹೇಳಿದ ಅನ್ನಮಯಾದಿ ಐದನ್ನೂ ಶ್ರೀಹರಿಯ ರೂಪಗಳೆಂದೇ ವ್ಯಾಖ್ಯಾನಿಸಿ, ಅನ್ನಮಯನು ಅನಿರುದ್ಧನೆಂದು ತಿಳಿಸಿದ್ದಾರೆ. ಹಾಗಿರುವಾಗ ಅನ್ನದ ವಿಷಯದಲ್ಲಿ ನಾವು ಹೇಗೆ ನಡೆದುಕೊಳ್ಳುತ್ತೇವೆಂಬುದು ಸಣ್ಣ ಮಾತಲ್ಲ.

ಇನ್ನು 'ಭಾತ' ಎಂಬ ಪದ. ನಮ್ಮ ವಾಂಗೀಭಾತು, ಬಿಸಿಬೇಳೆಭಾತುಗಳಲ್ಲಿ ನಾವೂ ದಿನನಿತ್ಯ ಉಚ್ಚರಿಸುವ ಈ ಶಬ್ದದ ಮೂಲ ಸಂಸ್ಕೃತದ 'ಭಕ್ತ'. ಪ್ರಾಕೃತದಲ್ಲಿ 'ಭತ್ತ'ವಾಗಿ, ಮುಂದೆ 'ಭಾತ'ವಾಯಿತು. ಅಮರಕೋಶವು ಭಕ್ತ, ಅನ್ನ, ಓದನಗಳನ್ನು ಒಟ್ಟಿಗೇ ಪರ್ಯಾಯಪದಗಳಾಗಿ ಹೇಳಿದೆ. 'ಭಜ್' ಧಾತುವಿಗೆ ಸೇವಿಸುವುದೆಂಬ ಅರ್ಥವಿರುವಂತೆಯೇ ಹಂಚುವುದು, ಪಾಲು ಕೊಡುವುದು ಎಂಬ ಅರ್ಥವೂ ಇದೆ. ಪಾಲಾಗಿ ಹಂಚಲ್ಪಟ್ಟದ್ದು ಭಕ್ತ, ಅಂದರೆ ಅನ್ನ. ಭಗವಂತನನ್ನು ಸೇವಿಸುವವನೂ ಭಕ್ತ. ದೇವರ ಮುಂದೆ ನಿಂತವನಿಗೂ ಎಲೆಯ ಮೇಲೆ ಬಡಿಸಿದ್ದಕ್ಕೂ ಒಂದೇ ಹೆಸರು! ಹಂಚದೆ ಉಂಡದ್ದು ಈ ಅರ್ಥದಲ್ಲಿ 'ಭಕ್ತ'ವೆನಿಸೀತೆ? ಹಂಚದೆ ಉಂಡವನು 'ಭಕ್ತ'ನೆನಿಸಿಯಾನೆ?

ಶಾಸ್ತ್ರದ ಉತ್ತರ ಸ್ಪಷ್ಟವಾಗಿದೆ. ಋಗ್ವೇದದ ಹತ್ತನೆಯ ಮಂಡಲದ ದಾನಸೂಕ್ತವು ಒಬ್ಬನೇ ಉಣ್ಣುವವನು ಪಾಪಕ್ಕೂ ಒಬ್ಬನೇ ಭಾಗಿಯೆನ್ನುತ್ತದೆ. ಗೀತೆಯ ಮೂರನೆಯ ಅಧ್ಯಾಯವೂ ತನಗಾಗಿಯೇ ಬೇಯಿಸಿಕೊಳ್ಳುವವನ ಊಟವನ್ನು ಪಾಪವೆಂದೇ ಕರೆದಿದೆ. ಯಾರೊಡನೆ ಹಂಚಬೇಕು? ಅತಿಥಿಗಳೊಡನೆ ಎಂದು ನಾವೆಲ್ಲರೂ ಬಲ್ಲೆವು. ಆದರೆ ಮನುಸ್ಮೃತಿಯು ವಿಪ್ರರು, ಬಂಧುಗಳು, ಭೃತ್ಯರು ಉಂಡ ಬಳಿಕ ಉಳಿದುದನ್ನು ದಂಪತಿಗಳು ಉಣ್ಣಬೇಕೆನ್ನುತ್ತದೆ. ಆಪಸ್ತಂಬ ಧರ್ಮಸೂತ್ರವು ಇನ್ನೂ ಮುಂದೆ ಹೋಗಿ, ಕೊರತೆಯಾದರೆ ತನಗೆ, ಪತ್ನಿಗೆ, ಪುತ್ರನಿಗೆ ಬೇಕಾದರೆ ಕಡಿಮೆಮಾಡಬಹುದು, ಕೆಲಸ ಮಾಡುವ ಆಳಿಗೆ ಮಾತ್ರ ಎಂದಿಗೂ ಕಡಿಮೆಮಾಡಲಾಗದು ಎಂದು ವಿಧಿಸಿದೆ.

ಈಗ ನಮ್ಮ ಮನೆಗಳ ಕಡೆಗೆ ನೋಡೋಣ. ಬೆಳಿಗ್ಗೆ ಪಾತ್ರೆ ತೊಳೆಯಲು ಬರುವವಳಿಗೆ ನಾವು ಕೊಡುವುದು ಬಹುಪಾಲು ನಿನ್ನೆಯ ಅನ್ನ, ಮೊನ್ನೆಯ ಹುಳಿ. ತಂಪುಪೆಟ್ಟಿಗೆಯನ್ನು ಖಾಲಿಮಾಡಿ ಅದನ್ನೇ ಅನ್ನದಾನವೆಂದು ಭಾವಿಸಿದ್ದೂ ಉಂಟು. ಇದನ್ನು ಅನ್ಯರ ದೋಷವೆಂದು ಬರೆಯುತ್ತಿಲ್ಲ, ನಾವೂ ಮಾಡಿದ್ದೇವೆ. ಹಳಗನ್ನಡದಲ್ಲಿ 'ಕೂೞ್' ಎಂಬುದು ಅನ್ನಕ್ಕೆ ಸಹಜವಾದ ಹೆಸರಾಗಿತ್ತು, ಅದರಲ್ಲಿ ತಾತ್ಸಾರವಿರಲಿಲ್ಲ. ಇಂದು ನಮ್ಮ ಬಾಯಲ್ಲಿ 'ಕೂಳು' ಬೈಗುಳಕ್ಕೆ ಇಳಿದಿದೆ. ನಮ್ಮ ತಟ್ಟೆಯದು ಅನ್ನ, ಪರರ ತಟ್ಟೆಯದು ಕೂಳು ಎಂಬಂತಾಗಿದೆ. ಪದವು ಹಾಳಾದುದಕ್ಕಿಂತ ಅದರ ಹಿಂದಿನ ಮನಸ್ಸು ಹಾಳಾದುದು ಹೆಚ್ಚು ಶೋಚನೀಯ.

"ಅವಳಿಗೆ ಸಂಬಳ ಕೊಡುತ್ತೇವಲ್ಲ, ಇನ್ನು ಮಡಿಯ ಅಡಿಗೆಯಲ್ಲಿ ಇದೆಲ್ಲ ಹೇಗೆ ಸಾಧ್ಯ?" ಎಂದು ಕೇಳುವವರಿದ್ದಾರೆ. ಸಂಬಳವು ದುಡಿಮೆಯ ಋಣ. ಅನ್ನದ ಪಾಲು ಬೇರೆಯೇ. ಮಡಿಯೂ ಇದಕ್ಕೆ ಅಡ್ಡಬರುವುದಿಲ್ಲ. ನೈವೇದ್ಯವಾದ ಮೇಲೆ, ನಾವು ಎಲೆಯ ಮುಂದೆ ಕುಳಿತುಕೊಳ್ಳುವ ಮೊದಲು, ಅದೇ ಪಾತ್ರೆಯಿಂದ ಒಂದು ಪಾಲನ್ನು ತೆಗೆದಿರಿಸಿದರೆ ಯಾವ ಆಚಾರಕ್ಕೂ ಲೋಪವಿಲ್ಲ. ಬೇಕೆ ಎಂದು ಮೊದಲು ಕೇಳುವ ಸೌಜನ್ಯವೂ ಇರಲಿ. ಬೇಡವೆನ್ನುವ ಹಕ್ಕು ಅವಳಿಗೂ ಉಂಟು.

ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಭಗವಂತನು ತಾನೇ ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ವಿಧದ ಅನ್ನವನ್ನು ಪಚನಮಾಡುತ್ತೇನೆಂದು ಹೇಳಿದ್ದಾನೆ. ನಮ್ಮ ದೇಹದಲ್ಲಿ ಮಾತ್ರ ಎಂದು ಹೇಳಿಲ್ಲ. ದೇವರ ಕೋಣೆಯಲ್ಲಿ ಬಿಸಿಯಾದುದನ್ನು ಸಮರ್ಪಿಸಿ, ಹಿತ್ತಿಲ ಬಾಗಿಲಲ್ಲಿ ನಿಂತ ಅದೇ ವೈಶ್ವಾನರನಿಗೆ ಹಳಸಿದುದನ್ನು ಕೊಡುವುದು ಯಾವ ಪೂಜೆ? ಮಕ್ಕಳು ಮತ್ತೊಮ್ಮೆ 'ಅನ್ನವೆಂದರೇನು' ಎಂದು ಕೇಳಿದಾಗ ಧಾತುವನ್ನೂ ಅರ್ಥವನ್ನೂ ಅವಶ್ಯ ತಿಳಿಸೋಣ. ಅದಕ್ಕೂ ಮೊದಲು, ಅವರ ಕಣ್ಣೆದುರಿಗೇ ಆ ಒಂದು ಪಾಲನ್ನು ತೆಗೆದಿರಿಸೋಣ.

ಶ್ರೀಕೃಷ್ಣಾರ್ಪಣಮಸ್ತು.